ಒಂದು ಗೇಣು

ಮೊದಲು ಫ್ರಿಜ್ಜಿನಲ್ಲಿ ನಾಲ್ಕು ನಿಮಿಷ.
ಸಾಯುವಷ್ಟಲ್ಲ, ಸುಮ್ಮನಾಗುವಷ್ಟು.
ಆಮೇಲೆ ಬೆನ್ನಿಗೆ ಸಾಸಿವೆಯ ಕಾಲುಭಾಗ ಅಂಟು,
ಅಂಟಿಗೊಂದು ತಂತಿ, ತಂತಿಯ ತುದಿ ತಿರುಗಣಿಗೆ.
ಕಾಲ ಕೆಳಗಿನ ಕಾಗದ ಎಳೆದರೆ ಸಾಕು,
ನೆಲ ಹೋಯಿತೆಂದು ನೊಣ ಹಾರತೊಡಗುತ್ತದೆ.

ಒಂದು ಸುತ್ತಿಗೆ ಒಂದು ಮೀಟರು. ಎಣಿಕೆ ಯಂತ್ರದ್ದು,
ರಿಜಿಸ್ಟರು ನನ್ನದು:
ಹೆಣ್ಣು, ಹನ್ನೆರಡು ದಿನ, ಬೆಲ್ಲದ ನೀರು.
ಗಂಡು, ಐದು ದಿನ, ಬರೀ ನೀರು.
ಕೊಪ್ಪಳದ ಈ ಕೋಣೆಗೆ ಬಂದು ಮೂರು ವರ್ಷ.
ಅದಕ್ಕೂ ಮೊದಲು ಬಸ್ ಸ್ಟ್ಯಾಂಡಿನೆದುರು ಪ್ಯಾರಲ ಮಾರುತ್ತಿದ್ದೆ,
ತೂತು ಕಂಡರೆ ಹೆಬ್ಬೆರಳಿಂದ ಮುಚ್ಚಿ ತೂಗುತ್ತಿದ್ದೆ.
ಈಗ ಆ ಹುಳವೇ ನನ್ನ ಸಂಬಳ.

ಇದೆಲ್ಲ ಶುರುವಾದದ್ದು ಇಬ್ಬರು ಬೀಗರಿಂದ.
ಗಿಣಿಗೇರಾ ಕಡೆಯ ಫಕೀರಪ್ಪ, ಹಳ್ಳದಾಚೆಯ ದ್ಯಾಮಣ್ಣ.
ನಡುವೆ ಅರ್ಧ ಕಿಲೋಮೀಟರು ಜಾಲಿ.
ಇಬ್ಬರದೂ ಪ್ಯಾರಲ ತೋಟ, ಇಬ್ಬರ ಎಲೆಯ ಮೇಲೂ
ಫ್ಯಾಕ್ಟರಿಯ ಅದೇ ಕರಿ ಬೂದಿ.
"ಇವನ ತ್ವಾಟದಾಗ ಬಿದ್ದ ಹಣ್ಣು ಎತ್ತಂಗಿಲ್ಲರೀ,
ಇವನ ನೊಣ ಬಂದು ನನ್ನ ಹಣ್ಣು ಕೆಡಸ್ತಾವ."
"ನೊಣದ ಮ್ಯಾಲ ನನ್ನ ಹೆಸರು ಬರದೈತೇನು?"
ಮಾತು ಮದುವೆಯ ಎರಡು ತೊಲೆ ಬಂಗಾರದ ತನಕ ಹೋಯಿತು.
ಯಮನೂರಪ್ಪ, ನಮ್ಮ ಪಿಎಚ್‌ಡಿ ಹುಡುಗ, ನಡುವೆ ನಿಂತು
"ಅಳದು ಹೇಳ್ತೀವಿ" ಅಂದುಬಿಟ್ಟ.

ಅಳೆದೆವು.
ಮೂವತ್ತೆಂಟು ಡಿಗ್ರಿ ದಾಟಿದರೆ ರೆಕ್ಕೆ ಎತ್ತುವುದಿಲ್ಲ
(ನಮ್ಮೂರ ಏಪ್ರಿಲ್ ಮಧ್ಯಾಹ್ನ ಯಾರು ಎತ್ತುತ್ತಾರೆ?)
ಕೋಶ ಬಿಟ್ಟ ಮೊದಲ ಮೂರು ದಿನ ಹಾರಾಟ ಹಾರಾಟವೇ ಅಲ್ಲ.
ಬೆಲ್ಲ ಕುಡಿದದ್ದು, ಬರೀ ನೀರಿನದರ ಮೂರು ಪಟ್ಟು.
ಸಣ್ಣ ಕಾಯೊಳಗೆ ಇಪ್ಪತ್ತು ಮರಿ ಒತ್ತಿಕೊಂಡು ಬೆಳೆದರೆ
ರೆಕ್ಕೆಯೂ ಗಿಡ್ಡ, ದಮ್ಮೂ ಗಿಡ್ಡ.
ಮೊಟ್ಟೆ ತುಂಬಿದ ಹೆಣ್ಣು ನಿಂತು ನಿಂತು ಹಾರುತ್ತದೆ,
ಎಂಟು ತಿಂಗಳಲ್ಲಿ ನಾನು ಕುಷ್ಟಗಿ ಬಸ್ಸಿಗೆ ಓಡಿ
ಕಂಬ ಹಿಡಿದು ನಿಂತ ಹಾಗೆ.
ನಮ್ಮ ಡಬ್ಬಿಯಲ್ಲೇ ನಲವತ್ತು ತಲೆಮಾರು ಕಂಡವು
ತಂತಿಯಲ್ಲಿ ಜೋತು ಮುಂಗಾಲು ಉಜ್ಜಿಕೊಳ್ಳುತ್ತವೆ, ಅಷ್ಟೇ.
ಕರೆಂಟು ಹೋದ ದಿನದ ಪುಟದಲ್ಲಿ: ಕರೆಂಟ್ ಇಲ್ಲ.
ಬೂದಿ ಮೆತ್ತಿದ ರೆಕ್ಕೆ ಎಷ್ಟು ಹಾರುತ್ತೆ ಅಂತ ಕೇಳಿದೆ.
"ಅದು ನಮ್ಮ ಪ್ರಯೋಗದಾಗ ಇಲ್ಲಕ್ಕ" ಅಂದ.

ಬುಧವಾರ ಬಂತು ಒಂದು ಹೆಣ್ಣು, ದ್ಯಾಮಣ್ಣನ ತೋಟದ್ದು,
ಬೆನ್ನ ಮೇಲೆ ಹಳದಿ ಪಟ್ಟಿ, ಎಡ ರೆಕ್ಕೆಯಂಚು ಹರಿದಿತ್ತು.
ಬ್ಯಾಡ ಬಿಡು ಅನ್ನುವಷ್ಟರಲ್ಲಿ ಕಟ್ಟಿಯಾಗಿತ್ತು.
ಒಂಬತ್ತಕ್ಕೆ ಶುರು. ಚಹಾದ ಹೊತ್ತಿಗೆ ಆರುನೂರು.
ಊಟಕ್ಕೆ ಕೂತಾಗ ನಿಂತಿತು, ಸತ್ತಿತೆಂದುಕೊಂಡೆ,
ರೊಟ್ಟಿ ಮುರಿಯುವ ಸದ್ದಿಗೋ ಏನೋ ಮತ್ತೆ ಎದ್ದಿತು.
ಐದಕ್ಕೆ ಸಾವಿರದ ಏಳುನೂರ ನಲವತ್ತು.
ಫಕೀರಪ್ಪನ ಬೇಲಿಗೆ ಹೋಗಿ, ಬಂದು,
ಏನೋ ಮರೆತೆನೆಂದು ಮತ್ತೆ ಹೋಗುವಷ್ಟು.
ಯಮನೂರಪ್ಪ ಫೋನು ಹಿಡಿದು ಹೊರಗೆ ಓಡಿದ.

ನಾನು ಒದ್ದೆ ಹತ್ತಿಯಲ್ಲಿ ಅಂಟು ನೆನೆಸಿ ಬಿಡಿಸಿದೆ.
ಹಾಗೆ ಮಾಡಬಾರದು, ಬಾಟಲಿಗೆ ಹಾಕಬೇಕು, ಗೊತ್ತು.
ಕಿಟಕಿ ತೆರೆದಿತ್ತು. ಆಚೆ ಬಂಡೆಗುಡ್ಡ,
ಗುಡ್ಡದಾಚೆ ಇಡೀ ಜಿಲ್ಲೆಯ ಗಾಳಿ.
ಮೇಜಿನ ಮೇಲೆ ಬುತ್ತಿಯ ಪಕ್ಕ ಅರ್ಧ ಕಚ್ಚಿದ ಪ್ಯಾರಲ.
ನೊಣ ಮೈ ಕೊಡವಿತು. ಹರಿದ ರೆಕ್ಕೆ ಒಮ್ಮೆ ತಿರುವಿ ನೋಡಿಕೊಂಡಿತು.
ಹಾರಿತು.
ಒಂದು ಗೇಣು.
ಹಣ್ಣಿನ ಮೇಲೆ ಕೂತು, ಜಾಗ ಹುಡುಕಿ, ಬಾಲದ ಸೂಜಿ ಇಳಿಸಿತು.

ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಪೆನ್ಸಿಲಿನಿಂದ ಬರೆದೆ: ಬಿಟ್ಟಾಗ, ಒಂದು ಗೇಣು.
ನಾಳೆ ಬೀಗರು ಬರುತ್ತಾರೆ, ದೊಡ್ಡ ಅಂಕಿ ಕೇಳಲು,
ಎರಡು ಕುರ್ಚಿ ದೂರ ದೂರ ಹಾಕಬೇಕು.
ಹೊರಡುವ ಮುಂಚೆ ಆ ಹಣ್ಣನ್ನು ಎತ್ತಿ
ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ
ಕಿಟಕಿಯ ಕಟ್ಟೆಗಿಟ್ಟೆ,
ನಾಳೆಯ ಬಿಸಿಲಿಗೆ.